ಅಂಡಮಾನಿನ ಬೋ ಭಾಷೆ ಪೂರ್ತಿ ಹೋಯ್ತಾ? ಆ ಜನ ಈಗ ಏನ್ ಮಾತಾಡ್ತಾರೆ?

ಕಡಲದಾರಿ:
ಗೊತ್ತಿರೋರು ಸ್ವಲ್ಪ ಹೇಳಿ. ಬೋ ಭಾಷೆ ಆಡ್ತಿದ್ದ ಕೊನೇ ಅಜ್ಜಿ ಬೋವಾ ಸೀನಿಯರ್ 2010ರ ಜನವರಿಲಿ ತೀರ್ಕೊಂಡ್ರಂತೆ. ಜೊತೆಗೆ ಮಾತಾಡೋಕೆ ಯಾರೂ ಇಲ್ದೆ ಹಕ್ಕಿಗಳ ಹತ್ರ ಬೋ ಭಾಷೇಲಿ ಮಾತಾಡ್ತಿದ್ರು ಅಂತ ಓದಿದ್ಮೇಲೆ ಅದೇ ತಲೇಲಿ ಕೂತ್ಬಿಟ್ಟಿದೆ. ಅವರ ಜನ ಈಗ್ಲೂ ಇದಾರಾ? ಇದ್ರೆ ಮಕ್ಕಳಿಗೆ ಯಾಕೆ ಆ ಮಾತು ಬರ್ಲಿಲ್ಲ? ಅಲ್ಲೇ ಇರೋ ಇನ್ನೊಂದು ಬುಡಕಟ್ಟು ಜಾರವಾ ಜನ ಆಡೋದೂ ಇದೇನಾ?

ಹಳೇನಕ್ಷೆ:
ಜನ ಇದಾರೆ, ಆದ್ರೆ ತುಂಬಾ ಕಮ್ಮಿ. ಗ್ರೇಟ್ ಅಂಡಮಾನೀಸ್ ಅಂತೀವಲ್ಲ, ಅದು ಒಂದೇ ಬುಡಕಟ್ಟಲ್ಲ, ಹತ್ತು ಗುಂಪಿತ್ತು, ಒಂದೊಂದಕ್ಕೂ ಅದರದ್ದೇ ಮಾತು, ಅದರಲ್ಲಿ ಬೋ ಒಂದು. 1858ರಲ್ಲಿ ಬ್ರಿಟಿಷರು ಪೋರ್ಟ್ ಬ್ಲೇರಲ್ಲಿ ಕೈದಿಗಳ ವಸಾಹತು ಶುರು ಮಾಡ್ದಾಗ ಇವರು ಸಾವಿರಗಟ್ಟಲೆ ಇದ್ರು, ಆಮೇಲೆ ದಡಾರ, ಸಿಫಿಲಿಸ್ ಅಂತ ಹೊರಗಿಂದ ಬಂದ ಕಾಯಿಲೆಗಳು ಊರಿಗೆ ಊರೇ ಖಾಲಿ ಮಾಡಿದ್ವು, 1961ರ ಜನಗಣತಿ ಹೊತ್ತಿಗೆ ಉಳಿದಿದ್ದು 19 ಜನ! ಅವರನ್ನ ಸರ್ಕಾರ ಸ್ಟ್ರೇಟ್ ಐಲ್ಯಾಂಡಿಗೆ ತಂದು ಸೇರಿಸ್ತು. ಬೇರೆ ಬೇರೆ ಗುಂಪಿನೋರು ಒಂದೇ ಕಡೆ, ಮದ್ವೆನೂ ಗುಂಪು ದಾಟಿ ಆಗ್ತಿತ್ತು, ಹಂಗಾಗಿ ಆ ಹತ್ತರಲ್ಲೇ ಒಂದಾದ ಜೆರೋ ಭಾಷೆ ಜಾಸ್ತಿ ಇರೋ ಒಂದು ಬೆರಕೆ ಮಾತು ಹುಟ್ಕೊಂಡ್ತು, ಆಮೇಲೆ ಅದನ್ನೂ ಹಿಂದಿ ನುಂಗ್ತು. ಈಗಿನ ಮಕ್ಕಳು ಆಡೋದು ಹಿಂದಿನೇ. ಅಪ್ಪ ಅಮ್ಮ ಕಲಿಸ್ಲಿಲ್ಲ ಅಂತ ದಯವಿಟ್ಟು ಯಾರೂ ದೂರಬೇಡಿ, ಮಾತಾಡೋಕೆ ಜನಾನೇ ಉಳಿಸದೆ ಇದ್ದಾಗ ಅವರಾದ್ರೂ ಏನ್ ಮಾಡ್ಬೇಕಿತ್ತು.

ಸೊಲ್ಲು:
ಜಾರವಾ ಬೇರೆ. ಅದು ಅಂಡಮಾನಿನದ್ದೇ ಆದ ಓಂಗೆ ಭಾಷೆ ಜೊತೆ ಸೇರೋ ಇನ್ನೊಂದು ಭಾಷಾ ಕುಟುಂಬ, ಅದನ್ನ ಆಡೋ ಮಕ್ಕಳು ಈಗ್ಲೂ ಇದಾರೆ.

ವ್ಯಾಕರಣಪ್ರಿಯೆ:
ಗ್ರೇಟ್ ಅಂಡಮಾನೀಸ್ ಮಾತಿನ ವ್ಯಾಕರಣ ನೋಡಿದ್ರೆ ಹೊಟ್ಟೆ ಉರಿಯುತ್ತೆ, ಎಂಥ ಭಾಷೆ ಕಳ್ಕೊಂಡ್ವಿ ಅಂತ. ದಿಲ್ಲಿಯ ಜೆಎನ್‌ಯುನಲ್ಲಿದ್ದ ಭಾಷಾವಿಜ್ಞಾನಿ ಅನ್ವಿತಾ ಅಬ್ಬಿ ಅವರು ಈ ಜನರ ಜೊತೆ ಕೂತು ವರ್ಷಗಟ್ಟಲೆ ದಾಖಲೆ ಮಾಡಿದಾರೆ. ನಾವು ನನ್ನ ನಾಲಿಗೆ, ನನ್ನ ಕೈ, ನನ್ನ ಹೃದಯ ಅಂತ ಎಲ್ಲದಕ್ಕೂ ಒಂದೇ "ನನ್ನ" ಹಾಕ್ತೀವಿ. ಅಲ್ಲಿ ಬಾಯಿಗೆ ಸೇರಿದ್ದಕ್ಕೆ ಒಂದು ಪ್ರತ್ಯಯ, ಕೈ ಬೆರಳಿಗೆ ಇನ್ನೊಂದು, ಒಳಗಿನ ಅಂಗಕ್ಕೆ ಮತ್ತೊಂದು, ಹಿಂಗೆ ಇಡೀ ದೇಹಾನ ಏಳು ಭಾಗ ಮಾಡ್ಕೊಂಡಿದಾರೆ, ಅದೇ ಪ್ರತ್ಯಯಗಳು ಕ್ರಿಯಾಪದಕ್ಕೂ ಅಂಟ್ಕೋತವೆ.

ಕಡಲದಾರಿ:
ಎಲ್ಲರಿಗೂ ಥ್ಯಾಂಕ್ಸ್. ಬೋವಾ ಅಜ್ಜಿ ಆದ್ಮೇಲೆ ಬೇರೆ ಗುಂಪಿನ ಮಾತು ಬಲ್ಲೋರು ಯಾರಾದ್ರೂ ಇದ್ರಾ?

ಹಳೇನಕ್ಷೆ:
ಆ ಹತ್ತರಲ್ಲೇ ಸರೆ ಅನ್ನೋ ಗುಂಪಿನ ಮಾತು ಬಲ್ಲ ಕೊನೆಯೋರು ಲಿಚೋ ಅನ್ನೋರು, ಅವರು 2020ರ ಏಪ್ರಿಲಲ್ಲಿ ಹೋದ್ರು. ಜೆರೋ ಸ್ವಲ್ಪ ಬಲ್ಲೋರು ಆಗಿನ್ನೂ ಬೆರಳೆಣಿಕೆಯಷ್ಟು ಇದ್ರು. ಅಬ್ಬಿ ಅವರು ಮಾಡಿರೋ ಡಿಕ್ಷನರಿಲಿ ಇಂಗ್ಲಿಷ್ ಜೊತೆ ಹಿಂದಿ ಅರ್ಥನೂ ಇದೆ, ಅಂದ್ರೆ ಅಲ್ಲಿನ ಮಕ್ಕಳು ತಾವೇ ಓದ್ಕೋಬಹುದು. ಅದು ಲೈಬ್ರರಿ ಕಪಾಟಲ್ಲಿ ಕೂರೋ ಬದ್ಲು ಮೊದ್ಲು ಆ ಮಕ್ಕಳ ಕೈಗೇ ಸಿಗ್ಬೇಕು.