ಅಪ್‌ಡೇಟ್: ಹಳೇ ಜಾನ್ಸನ್ ಮೋಟರಿಗೆ ಕಿಲ್ ಸ್ವಿಚ್, ಮೀಟರ್ ಕೂತವು

ನನ್ನ 1956ರ ಜಾನ್ಸನ್ 10 ಎಚ್‌ಪಿ ಔಟ್‌ಬೋರ್ಡಿಗೆ (ದೋಣಿಯ ಹಿಂಬದಿಗೆ ಕೂರಿಸುವ ಮೋಟರ್) ಬ್ಯಾಟರಿ ಇಲ್ಲದೆ ಕಿಲ್ ಸ್ವಿಚ್ (ಎಂಜಿನ್ ತಕ್ಷಣ ನಿಲ್ಲಿಸುವ ಸ್ವಿಚ್), ಮೀಟರ್ ಹಾಕುವುದು ಹೇಗೆ ಅಂತ ಕೇಳಿದ್ದೆ. ಕೆಲಸ ಮುಗಿಯಿತು.

ಮ್ಯಾಗ್ನೆಟೊ (ಬ್ಯಾಟರಿ ಇಲ್ಲದೆ ಅಯಸ್ಕಾಂತದಿಂದ ಸ್ಪಾರ್ಕ್ ಹುಟ್ಟಿಸುವ ವ್ಯವಸ್ಥೆ) ಆದ್ದರಿಂದ ಪಾಯಿಂಟ್ಸ್ (ಸ್ಪಾರ್ಕಿನ ಹೊತ್ತಿಗೆ ತೆರೆಯುವ ಪುಟ್ಟ ಸ್ವಿಚ್) ತಂತಿಯನ್ನು ಗ್ರೌಂಡ್ ಮಾಡಿದರೆ, ಅಂದರೆ ಎಂಜಿನ್ನಿನ ಲೋಹಕ್ಕೆ ಸೇರಿಸಿದರೆ, ಸ್ಪಾರ್ಕ್ ನಿಂತು ಎಂಜಿನ್ ನಿಲ್ಲುತ್ತದೆ. ಇದರಲ್ಲಿ ಎರಡು ಸಿಲಿಂಡರ್, ಒಂದೊಂದಕ್ಕೂ ಬೇರೆ ಕಾಯಿಲ್ (ಸ್ಪಾರ್ಕಿಗೆ ಕರೆಂಟ್ ಕೊಡುವ ತಂತಿ ಸುರುಳಿ), ಬೇರೆ ಪಾಯಿಂಟ್ಸ್. ಎರಡೂ ತಂತಿಗಳನ್ನು ಒಂದೇ ಟರ್ಮಿನಲ್‌ಗೆ ಸೇರಿಸಿದರೆ, ಒಂದರ ಪಾಯಿಂಟ್ಸ್ ಮುಚ್ಚಿರುವಾಗ ಇನ್ನೊಂದರ ಸ್ಪಾರ್ಕ್ ಸಾಯುತ್ತದೆ. ಅದಕ್ಕೇ ಎರಡು ಬೇರೆ ಬೇರೆ ಕಾಂಟ್ಯಾಕ್ಟ್ ಇರುವ ಸ್ವಿಚ್ ಹಾಕಿದೆ. ಸ್ವಿಚ್ಚಿಗೆ ಸಿಕ್ಕಿಸಿದ ಕ್ಲಿಪ್ ಎಳೆದ ತಕ್ಷಣ ಎರಡೂ ಗ್ರೌಂಡ್ ಆಗುತ್ತವೆ. ಕ್ಲಿಪ್ಪಿನ ಹಗ್ಗ ನನ್ನ ಲೈಫ್ ಜಾಕೆಟ್ಟಿಗೆ; ನಾನು ನೀರಿಗೆ ಬಿದ್ದರೆ ಎಂಜಿನ್ ನಿಲ್ಲುತ್ತದೆ. ಒಬ್ಬರೇ ದೋಣಿ ನಡೆಸುವವರಿಗೆ ಇದಕ್ಕಿಂತ ಮುಖ್ಯವಾದದ್ದು ಇಲ್ಲ, ಅಲ್ವಾ?

ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ನೋಡಲು ಸ್ಪಾರ್ಕ್ ಪ್ಲಗ್ ವೈರಿಗೆ ಸುತ್ತುವ ಮೀಟರ್. ಟೂ-ಸ್ಟ್ರೋಕ್ ಆದ್ದರಿಂದ ಸುತ್ತಿಗೊಂದು ಸ್ಪಾರ್ಕ್ ಅಂತ ಸೆಟ್ ಮಾಡಬೇಕು. ಬಿಸಿ ನೋಡಲು ಪ್ಲಗ್ ಕೆಳಗೆ ಥರ್ಮೋಕಪಲ್ (ಬಿಸಿಯಾದರೆ ತಾನೇ ಸ್ವಲ್ಪ ಕರೆಂಟ್ ಹುಟ್ಟಿಸುವ) ವಾಷರ್; ಮುಳ್ಳಿನ ಮೀಟರ್ ಅದರ ಕರೆಂಟಿನಿಂದಲೇ ಓಡುತ್ತದೆ. ಇನ್ನು ನೀರಿನ ಪಂಪಿಗೆ ಹೊಸ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆ ಚಕ್ರ) ಹಾಕಬೇಕು.