ಹೊಸ ಕಾರು ಆಯಿಲ್ ಕುಡೀತಿದೆ: ಕೇಸ್ ಹಾಕಿದವರು ದಯವಿಟ್ಟು ತಿಳಿಸಿ

ವಿಜಯನಗರ, ಮೈಸೂರು: 11 ಲಕ್ಷದ ಪೆಟ್ರೋಲ್ ಕಾರು, ವಾರಂಟಿ ಇದೆ. ಸಾವಿರ ಕಿ.ಮೀ.ಗೆ ಮುಕ್ಕಾಲು ಲೀಟರ್ ಆಯಿಲ್ ಇಳಿಯುತ್ತಿದೆ. ಶೋರೂಮಿನವರು ಶಾರ್ಟ್ ಬ್ಲಾಕ್ (ಪಿಸ್ಟನ್, ಕ್ರ್ಯಾಂಕ್ ಇರೋ ಎಂಜಿನ್ನಿನ ಕೆಳಭಾಗ) ಬದಲಾಯಿಸ್ತೀವಿ ಅಂತಾರೆ. ನನಗೆ ಬೇರೆ ಕಾರೇ ಬೇಕು.

ಕುವೆಂಪುನಗರ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಸೆಕ್ಷನ್ 39. ದುರಸ್ತಿ, ಬದಲಿ, ಹಣ ವಾಪಸ್, ಪರಿಹಾರ ಎಲ್ಲವೂ ಅದರಲ್ಲಿದೆ. ಆದರೆ ತಯಾರಿಕೆಯಲ್ಲೇ ದೋಷ ಅಂತ ತೋರಿಸೋ ಹೊರೆ ನಮ್ಮದು. ದೂರಿನ ಜೊತೆಗೇ ಸೆಕ್ಷನ್ 38ರಡಿ ಪರೀಕ್ಷೆಗೆ ಅರ್ಜಿ ಕೊಡಿ, ಅದರ ಶುಲ್ಕವನ್ನು ಗ್ರಾಹಕ ಆಯೋಗ ನಿಮ್ಮಿಂದಲೇ ಕಟ್ಟಿಸಬಹುದು. ಬರೀ ಜಾಬ್ ಕಾರ್ಡ್ (ಸರ್ವೀಸಿಗೆ ಬಿಟ್ಟಾಗ ದೂರು, ಕೆಲಸ ಬರೆದುಕೊಡೋ ಚೀಟಿ) ಕಂತೆ ನಂಬಿದವರು ಸೋಲೋದು ಇಲ್ಲೇ.

ಮದ್ದೂರು: ಕಂತೆ ಅನ್ಬೇಡಿ ಸಾರ್, ಕೇಸು ನಿಲ್ಲೋದೇ ಅದರ ಮೇಲೆ. 'ಜನರಲ್ ಚೆಕಪ್' ಅಂತ ಬರ್ಕೊಂಡ್ರೆ ಸೈನ್ ಹಾಕ್ಬಾರ್ದು. ಎಷ್ಟು ಕಿ.ಮೀ.ಗೆ ಎಷ್ಟು ಮಿ.ಲೀ. ಟಾಪ್ ಅಪ್ ಆಯ್ತು ಅಂತ ಬರೆಸಿ. ಮಟ್ಟದ ಜಾಗದಲ್ಲಿ ಗಾಡಿ ನಿಲ್ಸಿ, ಮ್ಯಾಕ್ಸ್ ಗುರುತಿನವರೆಗೆ ಆಯಿಲ್ ತುಂಬ್ಸಿ, ಡ್ರೈನ್ ಪ್ಲಗ್, ಆಯಿಲ್ ಕ್ಯಾಪ್, ಡಿಪ್‌ಸ್ಟಿಕ್ (ಆಯಿಲ್ ಅಳೆಯೋ ಕಡ್ಡಿ) ಮೂರಕ್ಕೂ ಸೀಲ್ ಹಾಕಿಸಿ. ಸಾವಿರ ಕಿ.ಮೀ. ಆದ್ಮೇಲೆ ಅವರ ಎದುರೇ ಅಳೆಯಿರಿ. ಒಂದೊಂದು ಸಿಲಿಂಡರಿನ ಕಾಂಪ್ರೆಷನ್ (ಒಳಗಿನ ಒತ್ತಡ) ರೀಡಿಂಗೂ ಬರಹದಲ್ಲಿ ಬೇಕು.

ಗುತ್ತಲು ರಸ್ತೆ, ಮಂಡ್ಯ: ಕಾಂಪ್ರೆಷನ್ ನಂಬ್ಕೊಂಡು ಹೋದ್ರೆ ಕೆಟ್ರಿ ಕಣಣ್ಣ! ಪಿಸ್ಟನ್ನಿನಲ್ಲಿ ಆಯಿಲ್ ತಡೆಯೋ ಆಯಿಲ್ ರಿಂಗ್ ಮಾತ್ರ ಕಚ್ಕೊಂಡಿದ್ರೆ ಕಾಂಪ್ರೆಷನ್ ಸರಿಯಾಗೇ ತೋರಿಸ್ತದೆ, ಅದನ್ನೇ ಅವರು ಕೋರ್ಟಿನಲ್ಲಿ ಹಿಡಿದು ತೋರಿಸ್ತಾರೆ. ಮೊದ್ಲು ಪಿಸಿವಿ ವಾಲ್ವ್ (ಎಂಜಿನ್ ಒಳಗಿನ ಗ್ಯಾಸ್ ಹೊರಬಿಡೋದು), ವಾಲ್ವ್ ಸೀಲ್, ಟರ್ಬೊ ಇದ್ರೆ ಅದರ ಸೀಲ್ ನೋಡಿಸಿ. ತಪ್ಪು ಪಿಸಿವಿದಾದ್ರೆ ಸಣ್ಣ ಪಾರ್ಟು, ಬೇರೆ ಕಾರಿನ ಮಾತು ಅಲ್ಲಿಗೇ ಮುಗೀತು.

ಮದ್ದೂರು: ಕಾಂಪ್ರೆಷನ್ ಒಂದೇ ಸಾಕು ಅಂತ ನಾನೆಲ್ಲಿ ಅಂದೆ? ಓದಿ ಮಾತಾಡಿ.

ಕುವೆಂಪುನಗರ: ಶಾರ್ಟ್ ಬ್ಲಾಕ್ ವಿಷಯ ಬಿಡಬೇಡಿ. ಮಾರುತಿ ಉದ್ಯೋಗ್ ವಿರುದ್ಧ ಸುಶೀಲ್ ಕುಮಾರ್ ಗಬ್‌ಗೋತ್ರಾ ಪ್ರಕರಣದಲ್ಲಿ (2006) ಸುಪ್ರೀಂ ಕೋರ್ಟ್, ಕೆಟ್ಟ ಭಾಗ ಬದಲಾಯಿಸಿದರೆ ಸಾಕಾಗುವಾಗ ಇಡೀ ಕಾರು ಕೊಡಿಸಲು ಒಪ್ಪಲಿಲ್ಲ. ಅವರು ಕೊಡ್ತೀನಿ ಅಂದದ್ದನ್ನು ಕಾರಣವಿಲ್ಲದೆ ತಳ್ಳಿದರೆ ಅದೇ ನಿಮಗೆ ತಿರುಗುತ್ತೆ.

ಸರಸ್ವತಿಪುರಂ: ನನ್ನ ಕಾರಿಗೆ ಶಾರ್ಟ್ ಬ್ಲಾಕ್ ಬದಲಿಸಲು ಒಪ್ಪಿಕೊಂಡದ್ದಕ್ಕೆ ನನಗಂತೂ ಬೇಸರವಿಲ್ಲ. ಆದರೆ ಎಂಜಿನ್ ನಂಬರ್ ಇರೋದು ಬ್ಲಾಕ್ ಮೇಲೆ. ಬದಲಾದರೆ ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಬೇಕು, ಇನ್ಶೂರೆನ್ಸಿನಲ್ಲೂ. ಆ ಖರ್ಚು ಮತ್ತು ಹೊಸ ಬ್ಲಾಕಿನ ವಾರಂಟಿ ಮೊದಲೇ ಪತ್ರದಲ್ಲಿರಲಿ.

ಗುತ್ತಲು ರಸ್ತೆ, ಮಂಡ್ಯ: ಬೇಸರವಿಲ್ಲ ಅಂದ್ರೆ? ಬ್ಲಾಕ್ ಬದಲಾದ ಗಾಡೀನ ಮಾರುವಾಗ ಬೆಲೆ ಯಾರು ಕೊಡ್ತಾರೆ? ಬೆಲೆ ಕುಸಿತಕ್ಕೂ ಪರಿಹಾರ ಕೇಳ್ಬೇಕು.

ಸರಸ್ವತಿಪುರಂ: ಕೇಳಿ, ಯಾರು ಬೇಡ ಅಂದರು? ಬದಲಿ ಕಾರಿನ ಆದೇಶ ಬಂದರೂ ಕಂಪನಿ 45 ದಿನದೊಳಗೆ ರಾಜ್ಯ ಗ್ರಾಹಕ ಆಯೋಗಕ್ಕೆ ಮೇಲ್ಮನವಿ ಹಾಕಬಹುದು. ಅಲ್ಲಿವರೆಗೆ ಗಾಡಿ ಓಡಿಸೋದು ಯಾರು?

ಕೆ.ಆರ್. ಮೊಹಲ್ಲಾ: ಜಗಳ ಆಮೇಲೆ ಆಡಿ, ದೂರು ಹಾಕೋ ಅವಧಿ ನೋಡಿ. ದೂರಿನ ಕಾರಣ ಹುಟ್ಟಿದ ದಿನದಿಂದ 2 ವರ್ಷ, ನೋಟಿಸ್ ಕಳಿಸಿ ಕೂತರೆ ಅದು ಬೆಳೆಯಲ್ಲ. ಬೆಂಗಳೂರಿನಲ್ಲಿ ಕೊಂಡಿದ್ದರೂ ಮೈಸೂರು ಜಿಲ್ಲಾ ಆಯೋಗದಲ್ಲೇ ಹಾಕಬಹುದು. ಕಾರಿಗೆ ಕೊಟ್ಟ ಹಣ 10ರಿಂದ 20 ಲಕ್ಷ ಇದ್ದರೆ ದೂರಿನ ಶುಲ್ಕ 400 ರೂಪಾಯಿ. ಡೀಲರ್, ಕಂಪನಿ ಇಬ್ಬರನ್ನೂ ಎದುರುದಾರರಾಗಿ ಸೇರಿಸಿ. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರು ಬೆರಳು ಅತ್ತ ತೋರಿಸ್ತಾರೆ.

ಮದ್ದೂರು: ಕೇಸು ನಡೀವಾಗ ಇಎಂಐ ಮಾತ್ರ ನಿಲ್ಲಿಸ್ಬೇಡಿ. ಬ್ಯಾಂಕಿನವರು ಗಾಡಿ ಎಳ್ಕೊಂಡು ಹೋದ್ರೆ ಪರೀಕ್ಷೆ ಮಾಡಿಸೋಕೆ ಎಂಜಿನ್ನೇ ಇರಲ್ಲ.