ಸಹಾಯ ಬೇಕು: ಹಳೆ ಕಾರಿನ ಒಳಗಿನ ಪ್ಲಾಸ್ಟಿಕ್‌ಗೆ ಏನು ಹಚ್ಚಬೇಕು?

ಎಲ್ಲರಿಗೂ ನಮಸ್ಕಾರ. 2006ರ ಕಾರು. ಇಂಜಿನ್ ಗಟ್ಟಿಮುಟ್ಟಾಗಿದೆ, ಒಳಗಿನ ಕಪ್ಪು ಪ್ಲಾಸ್ಟಿಕ್ ಮಾತ್ರ ಕಳೆಗುಂದಿದೆ. ಶಾಂಪೂ ನೀರು ಹಾಕಿ ಮೆತ್ತನೆ ಬ್ರಷ್‌ನಲ್ಲಿ ಉಜ್ಜಿದೆ. ಒದ್ದೆ ಇರುವಾಗ ಹೊಸದರ ಹಾಗೆ ಕಾಣುತ್ತದೆ, ಒಣಗಿದ ಮೇಲೆ ಮತ್ತೆ ಅದೇ ಬೂದು ಬಣ್ಣ.

ಪವರ್ ವಿಂಡೋ ಸ್ವಿಚ್ಚಿನದು ಬೇರೆಯೇ ತಲೆನೋವು. ಮೇಲಿನ ರಬ್ಬರಿನಂಥ ಕೋಟಿಂಗ್ ಅಂಟಂಟಾಗಿದೆ, ಮುಟ್ಟಿದರೆ ಬೆರಳಚ್ಚು ಮೂಡುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದರೆ ಆ ಪದರ ಬಿಟ್ಟು ಬರುತ್ತದಂತೆ. ಜೊತೆಗೆ ಸ್ವಿಚ್ ಮೇಲಿನ ಚಿಹ್ನೆಗಳೂ ಅಳಿಸಿಹೋಗುತ್ತವಾ? ಮಾಡಿ ನೋಡಿದವರು ಹೇಳಿ.

ಡ್ಯಾಶ್‌ಬೋರ್ಡಿಗೆ ಮಿರಮಿರ ಹೊಳೆಯುವ ಸಿಲಿಕೋನ್ ಪಾಲಿಶ್ ಬೇಡ. ಬಿಸಿಲಲ್ಲಿ ಅದರ ಹೊಳಪು ಮುಂದಿನ ಗಾಜಿನಲ್ಲಿ ಕಣ್ಣಿಗೆ ಹೊಡೆಯುತ್ತದೆ, ಅಲ್ವಾ? ಹೊಳಪಿಲ್ಲದ, ಯುವಿ (ಬಿಸಿಲಿನ ನೇರಳಾತೀತ ಕಿರಣ) ತಡೆಯುವಂಥದ್ದು ಯಾವುದು ಒಳ್ಳೆಯದು? ಕಪ್ಪು ಬಣ್ಣ ಮರಳಿಸಲು ಹೀಟ್ ಗನ್ (ಸುಡುವ ಬಿಸಿಗಾಳಿ ಊದುವ ಉಪಕರಣ) ಹಿಡಿಯುವ ಧೈರ್ಯವಂತೂ ಇಲ್ಲ, ಪ್ಲಾಸ್ಟಿಕ್ ಸೊಟ್ಟಗಾದರೆ ಕಥೆ ಮುಗೀತು.